ಆಟದ ಮೂಲವೂ ಪರಿಷ್ಕಾರವೂ

ಕಳೆದ ಆಷಾಢದಲ್ಲಿ ಮಳೆ ಹಿಡಿದು ಮೂರು ದಿನ ಬಿಡದಿರಲು, ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು ಹೊರಗೆ ಹೋಗಲು ಎಡೆಯಿಲ್ಲದೆ ಕಂಪ್ಯೂಟರ್ ತೆರೆದು ಕುಳಿತನು. ನಮ್ಮ ಮರವಂತೆಯಲ್ಲಿ ಪಡುವಕ್ಕೆ ಕಡಲು, ಮೂಡಕ್ಕೆ ಸೌಪರ್ಣಿಕಾ ನದಿ, ಎರಡರ ನಡುವೆ ಹೆದ್ದಾರಿ. ಆ ದಿನಗಳಲ್ಲಿ ಈ ಮೂರರಲ್ಲಿ ಯಾವುದರ ಬಳಿಗೂ ಮಕ್ಕಳನ್ನು ಬಿಡತಕ್ಕದ್ದಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನನ್ನು ಕರೆದು, "ಅಜ್ಜಯ್ಯ, ಈ ಆಟದ್ದ್ ಹಳ್ತೂ ಇತ್ತ್, ಹೊಸ್ತೂ ಇತ್ತ್. ಯಾವ್ದ್ ಆಡ್ಕ್?" ಎಂದು ಕೇಳಿದನು. ಊರಿನ ಮಾತನ್ನು ಹುಡುಗ ಇನ್ನೂ ಬಿಟ್ಟಿಲ್ಲವೆಂಬ ಸಂತೋಷದಲ್ಲಿ ನಾನು ಆ ಕ್ಷಣಕ್ಕೆ ಉತ್ತರವನ್ನು ಹೇಳಲೇ ಇಲ್ಲ.

ಆ ಆಟದ ಹೆಸರು ಏಜ್ ಆಫ್ ಎಂಪೈರ್ಸ್. ಅದರ ಎರಡನೆಯ ಭಾಗವು 1999ರಲ್ಲಿ ಹೊರಟಿತು. ಅದೇ ಆಟವನ್ನು ಪರಿಷ್ಕರಿಸಿ 2019ರಲ್ಲಿ ಮರಳಿ ಹೊರಡಿಸಿದರು. ಊರು ಕಟ್ಟುವುದು, ಗದ್ದೆ ಮಾಡುವುದು, ಮರ ಕಡಿಯುವುದು, ದಂಡು ಕೂಡಿಸಿ ಶತ್ರುವಿನ ಮೇಲೆ ಏರಿಹೋಗುವುದು, ಇದೇ ಅದರ ಸ್ವರೂಪ. ಹಳೆಯದರಲ್ಲಿ ಗದ್ದೆಯ ಫಲ ತೀರಿದೊಡನೆ ಆಟಗಾರನೇ ನೆನಪಿಟ್ಟು ಮರುಬಿತ್ತನೆ ಮಾಡಿಸಬೇಕಾಗಿತ್ತು. ಮರೆತರೆ ಒಕ್ಕಲಿಗನು ಕೈಕಟ್ಟಿ ಸುಮ್ಮನೆ ನಿಂತಿರುವನು. ಹೊಸದರಲ್ಲಿ ಗದ್ದೆಯು ತಾನಾಗಿಯೇ ಮರುಬಿತ್ತನೆಗೊಳ್ಳುವಂತೆ ಏರ್ಪಾಡುಂಟು. ಚಿತ್ರಗಳು ನಯವಾಗಿವೆ, ರಾಜ್ಯಗಳ ಸಂಖ್ಯೆ ಹೆಚ್ಚಿದೆ. 2022ರಲ್ಲಿ ಸೇರಿಸಿದ ಒಂದು ಅನುಬಂಧದಲ್ಲಿ, ಮೊದಲು ಒಂದೇ ಗುಂಪಾಗಿದ್ದ ಭಾರತೀಯರನ್ನು ಹಿಂದೂಸ್ಥಾನಿ, ಬಂಗಾಳಿ, ದ್ರಾವಿಡ, ಗೂರ್ಜರರೆಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಚಾಲುಕ್ಯ ಹೊಯ್ಸಳರಿಗೆ ಅಲ್ಲಿ ಪ್ರತ್ಯೇಕವಾದ ಹೆಸರು ದೊರೆಯಲಿಲ್ಲವೆಂದು ತಿಳಿದು ನನಗೆ ಸ್ವಲ್ಪ ವ್ಯಸನವಾಯಿತು, ಇರಲಿ. ಹುಡುಗನ ತಂದೆ, ಎಂದರೆ ನನ್ನ ಮಗನು, ಕಾಲೇಜಿನ ದಿನಗಳಲ್ಲಿ ಹಳೆಯದನ್ನು ಆಡಿದವನು. ಗದ್ದೆಯ ನೆನಪಿಡುವುದೇ ಆಟಗಾರನ ಯೋಗ್ಯತೆಯ ಪರೀಕ್ಷೆ, ಅದನ್ನು ತೆಗೆದ ಮೇಲೆ ಆಟವೇನು ಉಳಿಯಿತು ಎಂಬುದು ಅವನ ವಾದ. ಯುದ್ಧ ಮಾಡಬೇಕಾದ ಅರಸನಿಗೆ ಗದ್ದೆ ಕಾಯುವ ಕೆಲಸವೇಕೆ ಎಂಬುದು ಮೊಮ್ಮಗನ ವಾದ.

ಕೇಳುವುದಕ್ಕೆ ಇದು ಬಾಲರ ಜಗಳ. ಆದರೆ ಈ ಪಿತಾಪುತ್ರವಾದವು ನಮ್ಮ ದೇಶದಲ್ಲಿ ಇನ್ನೊಂದು ಆಟದ ವಿಷಯದಲ್ಲಿ ಒಮ್ಮೆ ನಡೆದುಹೋಗಿದೆ. ಅಲ್ಲಿ ತಂದೆಯ ಪಕ್ಷವು ಪೂರ್ಣವಾಗಿ ಸೋತಿತು. ಸೋತ ಪಕ್ಷದ ಕುರುಹು ಕೂಡ ಉಳಿಯದ ಹಾಗೆ ಅದು ಅಳಿದುಹೋಗುತ್ತಿರುವುದನ್ನು ಕಂಡವರಲ್ಲಿ ನಾನೊಬ್ಬನು, ಅಳಿಸಿದವರಲ್ಲಿಯೂ ಒಬ್ಬನು. ಆದ್ದರಿಂದ ಈ ಲೇಖನ.

ಆ ಆಟವು ಚದುರಂಗ. ಅದರ ಜನ್ಮಭೂಮಿ ಭಾರತವೆಂಬುದನ್ನು ಇತಿಹಾಸಜ್ಞರಲ್ಲಿ ಬಹುಮಂದಿ ಒಪ್ಪಿರುವರು. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಹರ್ಷಚರಿತದಲ್ಲಿ ತನ್ನ ದೊರೆಯ ಆಳಿಕೆಯ ಶಾಂತಿಯನ್ನು ವರ್ಣಿಸುತ್ತ, ಚತುರಂಗದ ಮಾತು ಅಷ್ಟಾಪದವೆಂಬ ಮಣೆಯ ಮೇಲೆ ಮಾತ್ರ ಉಳಿದಿತ್ತೆಂಬ ಅರ್ಥ ಬರುವಂತೆ ಶ್ಲೇಷೆ ಮಾಡಿರುವನು. ಅಲ್ಲಿಂದ ಆಟವು ಪಾರಸಿಕರಿಗೂ ಅವರಿಂದ ಅರಬರಿಗೂ ಹೋಯಿತು. ಚತುರಂಗವು ಚತ್ರಂಗವಾಗಿ ಶತ್ರಂಜವಾಯಿತು. ಆ ಕಾಲದ ನಡೆಗಳು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಮಂತ್ರಿಗೆ ಕರ್ಣರೇಖೆಯಲ್ಲಿ ಒಂದೇ ಮನೆಯ ನಡೆ. ಈಗ ನಾವು ಒಂಟೆಯೆನ್ನುವ ಕಾಯಿಯ ಸ್ಥಾನದಲ್ಲಿ ಅಂದು ಆನೆಯಿತ್ತು. ಅದು ಕರ್ಣದಲ್ಲಿ ಎರಡನೆಯ ಮನೆಗೆ ಹಾರುವುದೇ ಹೊರತು ಮುಂದಕ್ಕೆ ಸಾಗದು. ಕಾಲಾಳಿಗೆ ಆರಂಭದಲ್ಲಿಯೂ ಒಂದೇ ಹೆಜ್ಜೆ. ಆಟವು ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಹೊರಟು, ಎದುರಾಳಿಗಳು ಮುಟ್ಟುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು.

ಕನ್ನಡನಾಡಿನಲ್ಲಿ ಈ ಆಟಕ್ಕೆ ರಾಜಾಶ್ರಯವಿದ್ದುದಕ್ಕೆ ಪ್ರಬಲವಾದ ಸಾಕ್ಷಿ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಈ ಸಂಸ್ಕೃತಗ್ರಂಥದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ಕೊನೆಯದಾದ ಕ್ರೀಡಾವಿಂಶತಿಯಲ್ಲಿ ಪಗಡೆ ಕವಡೆಗಳ ಜತೆಗೆ ಚತುರಂಗಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ರಾಜ್ಯಭಾರದ ನಡುವೆ ಒಬ್ಬ ದೊರೆಯು ಆಟದ ನಿಯಮಗಳನ್ನು ಬರೆದಿಡಲು ಮನಸ್ಸು ಮಾಡಿದನೆಂಬುದು ಸಾಮಾನ್ಯವಾದ ಮಾತಲ್ಲ. ಅವನು ಬರೆಯದಿದ್ದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚತುರಂಗವನ್ನು ಹೇಗೆ ಆಡುತ್ತಿದ್ದರೆಂದು ಹೇಳುವವರು ಈಗ ಯಾರಿದ್ದರು?

ಇನ್ನು ಆಟದ ಮಹಾಪರಿವರ್ತನೆ ನಡೆದುದು ನಮ್ಮಲ್ಲಿ ಅಲ್ಲ. 1475ರ ಸುಮಾರಿಗೆ ಸ್ಪೇನ್ ದೇಶದಲ್ಲಿ ಮಂತ್ರಿಯ ಸ್ಥಾನದಲ್ಲಿದ್ದ ಕಾಯಿಗೆ ದಿಕ್ಕುದಿಕ್ಕಿಗೂ ಎಷ್ಟು ದೂರ ಬೇಕಾದರೂ ಹೋಗುವ ಅಧಿಕಾರ ದೊರೆಯಿತು. ಅದರ ಪಕ್ಕದ ಆನೆಗೂ ಕರ್ಣರೇಖೆಯು ಪೂರ್ತಿಯಾಗಿ ತೆರೆಯಿತು. 1497ರಲ್ಲಿ ಸಾಲಮಾಂಕದಲ್ಲಿ ಅಚ್ಚಾದ ಲುಸೇನನ ಪುಸ್ತಕದಲ್ಲಿ ಹಳೆಯ ಆಟ, ಹೊಸ ಆಟ ಎರಡರ ಸಮಸ್ಯೆಗಳೂ ಒಟ್ಟಿಗೆ ಇವೆ. ಆಗಿನ ವಾಚಕನು ಎರಡನ್ನೂ ಬಲ್ಲವನಾಗಿದ್ದನೆಂದು ಅದರಿಂದ ಊಹಿಸಬಹುದು. ಆಗ ಅಲ್ಲಿಯೂ ವೃದ್ಧರು ಹುಬ್ಬು ಗಂಟಿಕ್ಕಿರಬೇಕು. ಫ್ರೆಂಚರೂ ಇಟಾಲಿಯನರೂ ಈ ಹೊಸ ಆಟಕ್ಕೆ ಇಟ್ಟ ಹೆಸರಿನ ಅರ್ಥ ಹುಚ್ಚು ರಾಣಿಯ ಆಟ, ಹುಚ್ಚು ಆಟ ಎಂದು. ಹುಚ್ಚೇ ಗೆದ್ದಿತು. ಒಂದೆರಡು ತಲೆಮಾರುಗಳಲ್ಲಿ ಯುರೋಪದಲ್ಲಿ ಹಳೆಯದನ್ನು ಆಡುವವರೇ ಇಲ್ಲವಾದರು.

ಈಗ ವಾಚಕ ಮಹಾಶಯರು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಹಿರಿಯರು ಜಗಲಿಯಲ್ಲಿ ಆಡುತ್ತಿದ್ದ ಚದುರಂಗವನ್ನು ನಾವು ಸನಾತನವೆಂದು ತಿಳಿದಿದ್ದೆವು. ಆದರೆ ಅದರಲ್ಲಿ ಮಂತ್ರಿಯು ಎಂಟು ದಿಕ್ಕಿಗೂ ಓಡುತ್ತಿದ್ದನು, ಒಂಟೆಯು ಕರ್ಣವನ್ನೆಲ್ಲ ಆಕ್ರಮಿಸುತ್ತಿತ್ತು. ಎಂದರೆ ಆ ಎರಡು ಕಾಯಿಗಳಿಗೆ ಪಶ್ಚಿಮದ ಹೊಸ ನಡೆಯೇ. ಕಾಲಾಳಿಗೆ ಮಾತ್ರ ಹಳೆಯ ಒಂಟಿ ಹೆಜ್ಜೆ. ರಾಜನು ಒಮ್ಮೆಯೂ ಶಹ ತಿನ್ನದಿದ್ದರೆ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಕಾಲಾಳು ಕೊನೆಯ ಸಾಲನ್ನು ಮುಟ್ಟಿದರೆ ಆ ಪಂಕ್ತಿಯ ಮೊದಲ ಯಜಮಾನನು ಯಾರೋ ಆ ಕಾಯಿಯೇ ಆಗಬೇಕು; ಕುದುರೆಯ ಪಂಕ್ತಿಯಲ್ಲಿ ಹೋದವನು ಕುದುರೆಯೇ, ಮಂತ್ರಿಯಾಗಲಾರನು. ಕೆಲವು ಕಡೆ ಆರಂಭದಲ್ಲಿ ಒಬ್ಬೊಬ್ಬರು ಒಮ್ಮೆಗೇ ಹಲವು ನಡೆಗಳನ್ನು ನಡೆಸಿಕೊಳ್ಳುವ ರೂಢಿಯೂ ಇತ್ತು. ಹೀಗೆ ನಾವು ಮೂಲವೆಂದು ತಿಳಿದದ್ದು ಹಳೆಯ ಹೆಜ್ಜೆ, ಹೊಸ ಓಟ, ನಡುಗಾಲದ ಹಾರಾಟ ಇವೆಲ್ಲ ಕೂಡಿದ ಒಂದು ಮಿಶ್ರಪಾಠ. ರಾಜನ ಆ ಹಾರಾಟಕ್ಕೆ ಸಮಾನವಾದುದು ಮಧ್ಯಯುಗದ ಯುರೋಪದಲ್ಲಿಯೂ ಇತ್ತು. ಅಲ್ಲಿ ಅದು ಕಾಲಕ್ರಮದಲ್ಲಿ ರಾಜನೂ ಮೂಲೆಯ ಆನೆಯೂ ಒಂದೇ ಸಲಕ್ಕೆ ಸ್ಥಳ ಬದಲಿಸುವ ಕೋಟೆಕಟ್ಟುವ ನಡೆಯಾಗಿ ಪರಿಣಮಿಸಿತು. ಒಂದೇ ಬೀಜ, ಎರಡು ನೆಲ.

ಈ ಎರಡು ಆಟಗಳ ನಡುವೆ ಸೇತುವೆ ಕಟ್ಟಿದವರಲ್ಲಿ ಮೊದಲಿಗನು ನಮ್ಮಂಥ ಒಬ್ಬ ಸಂಸ್ಕೃತ ಪಂಡಿತನೇ ಎಂಬುದು ನನಗೆ ಹೆಮ್ಮೆಯ ವಿಷಯ. ತ್ರಿವೆಂಗಡಾಚಾರ್ಯ ಶಾಸ್ತ್ರಿಗಳು ಸಂಸ್ಕೃತದಲ್ಲಿ ವಿಲಾಸಮಣಿಮಂಜರಿಯೆಂಬ ಚದುರಂಗದ ಗ್ರಂಥವನ್ನು ರಚಿಸಿದ್ದರು. ಅದನ್ನು ಯುರೋಪಿನ ಆಟದ ಕ್ರಮಕ್ಕೆ ಹೊಂದಿಸಿ, ಇಂಗ್ಲಿಷಿಗೆ ತಿರುಗಿಸಿ, 1814ರಲ್ಲಿ ಮುಂಬಯಿಯಲ್ಲಿ ಅಚ್ಚುಮಾಡಿದರು. ಹೊಂದಿಸಿದೆವೆಂಬುದನ್ನು ಮುಖಪುಟದಲ್ಲಿಯೇ ಹೇಳಿರುವರು. ಹೊಸದನ್ನು ಹಳೆಯದರ ಹೆಸರಿನಲ್ಲಿ ಮಾರಲಿಲ್ಲ. ಪರಿಷ್ಕಾರ ಮಾಡುವವನಿಗೆ ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆ ಬೇಕಾಗಿಲ್ಲ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯವನ್ನು ಹೇಳದೆ ಮುಂದುವರಿದರೆ ದೋಷವಾದೀತು. 1794ರಲ್ಲಿ ಹುಟ್ಟಿ 1868ರಲ್ಲಿ ತೀರಿಕೊಂಡ ಈ ದೊರೆಯ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತೆಗೆದುಕೊಂಡರು. ಅನಂತರದ ಬಹುಕಾಲವನ್ನು ಅವರು ವಿದ್ಯಾವಿನೋದಗಳಲ್ಲಿ ಕಳೆದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳ ಭಂಡಾರವೇ ಸರಿ. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಿಲ್ಲಿಸಿ ನಡೆಸುವ ಬಂಧವು ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ರುದ್ರಟನು ಕಾವ್ಯಾಲಂಕಾರದಲ್ಲಿ ಅರ್ಧಮಣೆಯ ಮೇಲೆ ಶ್ಲೋಕದ ಅಕ್ಷರಗಳನ್ನು ಹಾಗೆ ನಡೆಸಿ ತುರಗಪದವೆಂದು ಕರೆದಿರುವನು. ಒಡೆಯರು ಆ ನಡೆಗೆ ಅಂಕಗಣಿತವನ್ನು ಬೆರೆಸಿದರು. ಕುದುರೆಯು ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರ ವರೆಗೆ ಅಂಕಿ ಹಾಕುತ್ತ ಬಂದರೆ, ಅಡ್ಡಸಾಲನ್ನು ಕೂಡಿದರೂ ಉದ್ದಸಾಲನ್ನು ಕೂಡಿದರೂ 260 ಬರಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ ಎಂಬವನು ಇಂಥದೊಂದನ್ನು 1848ರಲ್ಲಿ ಪ್ರಕಟಿಸಿದ್ದನು. ಅದೇ ಶತಮಾನದ ನಡುವಿನಲ್ಲಿ ಮೈಸೂರಿನ ಅರಮನೆಯಲ್ಲಿಯೂ ಅದು ಸಾಧಿಸಿತು. ಎರಡು ಕರ್ಣಗಳಲ್ಲಿಯೂ 260 ಬರುವಂತೆ ಮಾಡಲಾದೀತೇ ಎಂಬ ಸಂಶಯ ಮಾತ್ರ ಬಹುಕಾಲ ಉಳಿದಿತ್ತು. ಅದು ಅಸಾಧ್ಯವೆಂದು 2003ರಲ್ಲಿ ನಿರ್ಣಯವಾಯಿತು, ಅದೂ ಕಂಪ್ಯೂಟರುಗಳನ್ನು ಎರಡು ತಿಂಗಳ ಲೆಕ್ಕದಷ್ಟು ಹೊತ್ತು ದುಡಿಸಿದ ಮೇಲೆ. ನಮ್ಮ ಹುಡುಗರ ಆಟದ ಯಂತ್ರವು ಒಡೆಯರ ಆಟಕ್ಕೆ ಹೀಗೆ ಭರತವಾಕ್ಯ ಹಾಡಿತು.

ಆದರೆ ಒಡೆಯರ ಎಲ್ಲ ಪರಿಷ್ಕಾರಗಳೂ ಬಾಳಲಿಲ್ಲ. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟದಲ್ಲಿ ರೂಢಿಯಲ್ಲಿದ್ದುದು 96 ಎಲೆಗಳದು, ದಶಾವತಾರದ 120 ಎಲೆಗಳದು. ಒಡೆಯರು ಅದನ್ನು ಬೆಳೆಸಿ ಹಲವು ಬಗೆಯ ಛದಗಳನ್ನು ಕಲ್ಪಿಸಿದರು. ಅವುಗಳಲ್ಲಿ ಚಾಮುಂಡೇಶ್ವರೀ ಛದವೊಂದಕ್ಕೇ 320 ಎಲೆಗಳು. ಅರಮನೆಯ ಹೊರಗೆ ಅದನ್ನು ಯಾರು ಆಡಿಯಾರು? ಎಲೆಗಳು ಚಿತ್ರಕಲೆಯಾಗಿ ಉಳಿದವು. ನಮ್ಮ ಕಾಲದಲ್ಲಿ ಗಂಜೀಫಾ ರಘುಪತಿ ಭಟ್ಟರು ಆ ಕಲೆಗೆ ಮರುಜೀವ ಕೊಟ್ಟರು. ಆದರೆ ನೋಡುವವರಿದ್ದಾರೆ, ಆಡುವವರಿಲ್ಲ. ಹೆಚ್ಚಿಸುವುದೇ ಪರಿಷ್ಕಾರವೆಂದು ತಿಳಿಯುವ ಇಂದಿನ ಆಟಗಾರಿಕೆಯ ವ್ಯಾಪಾರಿಗಳು ಒಮ್ಮೆ ಮೈಸೂರಿಗೆ ಬಂದು ಈ ಎಲೆಗಳನ್ನು ನೋಡಿಹೋಗುವುದು ಒಳ್ಳೆಯದು.

ಪ್ರಕೃತಕ್ಕೆ ಬರೋಣ. ಹಳೆಯ ಚದುರಂಗದಲ್ಲಿ ಪಳಗಿದವನು ಹೊಸದರ ಕಣಕ್ಕೆ ಇಳಿದರೆ ಏನಾಗುವುದೆಂಬುದಕ್ಕೆ ಮೀರ್ ಸುಲ್ತಾನ್ ಖಾನನ ಚರಿತ್ರೆಗಿಂತ ಬೇರೆ ನಿದರ್ಶನ ಬೇಡ. ಪಂಜಾಬದ ಹಳ್ಳಿಯ ಈತನು ದೇಶೀ ನಿಯಮಗಳಲ್ಲಿ ಆಟ ಕಲಿತವನು. 1928ರಲ್ಲಿ ಅಖಿಲ ಭಾರತ ಸ್ಪರ್ಧೆಯನ್ನು ಗೆದ್ದನು. 1929ರಲ್ಲಿ ಅವನ ಒಡೆಯ ಸರ್ ಉಮರ್ ಹಯಾತ್ ಖಾನನು ಅವನನ್ನು ಲಂಡನಿಗೆ ಕರೆದುಕೊಂಡು ಹೋದನು. ಅಲ್ಲಿ ಕಾಲಾಳು ಮೊದಲ ಹೆಜ್ಜೆಗೆ ಎರಡು ಮನೆ ಹಾರುವುದು. ಆಟವು ಹತ್ತು ನಡೆಗಳೊಳಗೆ ಕಾದುಹೋಗುವುದು. ಆರಂಭದ ನಡೆಗಳ ಮೇಲೆ ಗ್ರಂಥಗಳೇ ಉಂಟು, ಇವನಿಗೆ ಆ ಗ್ರಂಥಗಳನ್ನು ಓದುವಷ್ಟು ಇಂಗ್ಲಿಷ್ ಬಾರದು. ಮೊದಲ ಅಭ್ಯಾಸದ ಪಂದ್ಯಾಟದಲ್ಲಿ ಹಿಂದೆ ಬಿದ್ದನು. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದನು! 1932ರಲ್ಲಿ, 1933ರಲ್ಲಿ ಮತ್ತೆ ಗೆದ್ದನು. 1930ರ ಕೊನೆಯಲ್ಲಿ ಆರಂಭವಾದ ಹೇಸ್ಟಿಂಗ್ಸ್ ಪಂದ್ಯಾಟದಲ್ಲಿ, ಹಿಂದೆ ಜಗದ್ವಿಜೇತನಾಗಿದ್ದ ಕಾಪಾಬ್ಲಾಂಕನನ್ನು ಸೋಲಿಸಿದನು. ಅವನ ಆರಂಭವು ದುರ್ಬಲವೆಂದೂ ಮಧ್ಯವೂ ಅಂತ್ಯವೂ ಅಸಾಧಾರಣವೆಂದೂ ಬಲ್ಲವರು ಹೇಳುವರು. ಕಾರಣವು ಸ್ಪಷ್ಟ. ಹಳೆಯ ಆಟವು ನಿಧಾನ. ಆರಂಭದಲ್ಲಿ ಅವಸರವಿಲ್ಲ, ಕೊನೆಯಲ್ಲಿ ಮಾತ್ರ ತಪ್ಪಿದರೆ ಉಳಿವಿಲ್ಲ. ಕಾಲಾಳು ಮಂತ್ರಿಯಾಗುವುದು ಸುಲಭವಲ್ಲವಾದ್ದರಿಂದ ಉಳಿದ ಒಂದೊಂದು ಕಾಯಿಯ ಬೆಲೆಯನ್ನೂ ಅಳೆಯುವ ಕಲೆ ಅಲ್ಲಿ ಬೆಳೆಯುವುದು. ಆತನು 1933ರ ಅಂತ್ಯದಲ್ಲಿ ಸ್ವದೇಶಕ್ಕೆ ಮರಳಿ ಮತ್ತೆ ಯುರೋಪಕ್ಕೆ ಹೋಗಲಿಲ್ಲ, 1966ರಲ್ಲಿ ತೀರಿಕೊಂಡನು. ಜಾಗತಿಕ ಚದುರಂಗ ಸಂಸ್ಥೆಯು 2024ರಲ್ಲಿ ಅವನಿಗೆ ಗೌರವಾರ್ಥವಾಗಿ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟಿತು.

ಹೊಸದರ ಪಕ್ಷಪಾತಿಗಳು ಇಲ್ಲಿ ಒಂದು ಮಾತನ್ನು ಹೇಳುವರು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಜಗತ್ತಿಗೆಲ್ಲ ಒಂದೇ ನಿಯಮವಿರದಿದ್ದರೆ ಸುಲ್ತಾನ್ ಖಾನನು ಕಾಪಾಬ್ಲಾಂಕನ ಎದುರಿಗೆ ಕುಳಿತುಕೊಳ್ಳುವುದಾದರೂ ಹೇಗೆ? 1924ರಲ್ಲಿ ಪ್ಯಾರಿಸಿನಲ್ಲಿ ಜಾಗತಿಕ ಸಂಸ್ಥೆ, 1951ರಲ್ಲಿ ಅಖಿಲ ಭಾರತ ಚದುರಂಗ ಒಕ್ಕೂಟ ಹುಟ್ಟಿದ ಮೇಲೆ ಭಾರತೀಯನು ಯಾವ ದೇಶದ ಮಣೆಯ ಮುಂದೆಯೂ ನಿಸ್ಸಂಕೋಚವಾಗಿ ಕುಳಿತುಕೊಳ್ಳುವಂತಾಯಿತು. 1988ರಲ್ಲಿ ವಿಶ್ವನಾಥನ್ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದುದು, 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದಿಂದ ಆ ಪದವಿಗೆ ಏರಿದವರಲ್ಲಿ ಮೊದಲಿಗರಾದುದು ಈ ಏಕನಿಯಮದ ಫಲವೇ. ಊರೂರಿಗೆ ಒಂದೊಂದು ನಿಯಮವಿದ್ದರೆ ಇದು ಆಗುತ್ತಿರಲಿಲ್ಲ. ಒಪ್ಪತಕ್ಕ ಮಾತು. ಒಪ್ಪಿದ ಮೇಲೂ ಉಳಿಯುವುದೊಂದಿದೆ.

ಅದನ್ನು ಹೇಳಲು ನನ್ನ ಒಂದು ತಪ್ಪನ್ನು ಹೇಳಬೇಕಾಗಿದೆ. 1990ರ ದಶಕದ ಆದಿಯಲ್ಲಿ ನಾನು ಅಧ್ಯಾಪಕನಾಗಿದ್ದ ಶಾಲೆಯಲ್ಲಿ ಮಕ್ಕಳಿಗೆ ಚದುರಂಗದ ಪಂದ್ಯವನ್ನು ಏರ್ಪಡಿಸಿದ್ದರು. ವ್ಯಾಯಾಮದ ಮಾಸ್ತರರು ರಜೆಯಲ್ಲಿದ್ದುದರಿಂದ ಸಂಸ್ಕೃತದ ಮಾಸ್ತರನ ಕೊರಳಿಗೆ ಅದು ಬಿತ್ತು. ನನ್ನ ಕೈಯಲ್ಲಿ ಅಚ್ಚಾದ ನಿಯಮದ ಪುಸ್ತಕವಿತ್ತು. ಹೊಳೆಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನು ಅಂದು ಚೆನ್ನಾಗಿ ಆಡುತ್ತಿದ್ದನು. ಅವನ ಅಜ್ಜನು ಹಿಂದೆ ಮುಂಬಯಿಯ ವರೆಗೆ ಸರಕು ಒಯ್ಯುತ್ತಿದ್ದ ಮಂಜಿಯ ತಂಡೇಲ. ಗಾಳಿಗಾಗಿ ಕಾಯುವ ದಿನಗಳಲ್ಲಿ ಮಂಜಿಯ ಮೇಲೆಯೇ ಆಟ ಕಲಿತವನಂತೆ. ಆಟದ ನಡುವೆ ಈ ಹುಡುಗನು ತನ್ನ ರಾಜನನ್ನು ಎತ್ತಿ ಕುದುರೆಯಂತೆ ಹಾರಿಸಿ ಇಟ್ಟನು. ಎದುರಾಳಿ ಕೂಗಿಕೊಂಡನು. ನಾನು ಬಂದು ನೋಡಿ, ಇದು ತಪ್ಪು ನಡೆ, ಹಿಂದಕ್ಕೆ ಇಡು ಎಂದೆನು. ಅವನು ಇಡಲಿಲ್ಲ; "ಅಜ್ಜ ಹೇಳಿಕೊಟ್ಟದ್ದು" ಎಂದನು. ಪುಸ್ತಕದಲ್ಲಿ ಇಲ್ಲವೆಂದೆನು. "ಪುಸ್ತಕ ಅಜ್ಜ ಓದಲಿಲ್ಲ" ಎಂದನು. ಅದನ್ನು ಉದ್ಧಟತನವೆಂದು ಬಗೆದು ಎದುರಾಳಿಯು ಗೆದ್ದನೆಂದು ತೀರ್ಪು ಕೊಟ್ಟೆನು. ಹುಡುಗನು ಅಳಲಿಲ್ಲ, ಕಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಹೋದನು. ಮರುವರ್ಷದ ಪಂದ್ಯಕ್ಕೆ ಹೆಸರನ್ನು ಕೊಡಲಿಲ್ಲ.

ತೀರ್ಪು ನಿಯಮದಂತೆ ಸರಿಯಾಗಿಯೇ ಇತ್ತು. ಆದರೆ ನಾನು ಹೇಳಬೇಕಾಗಿದ್ದ ಮಾತು ಬೇರೆ: ಇದು ತಪ್ಪು ನಡೆಯಲ್ಲ, ಇನ್ನೊಂದು ಆಟದ ನಡೆ, ಇಂದಿನ ಪಂದ್ಯ ಆ ಆಟದ್ದಲ್ಲ. ಪಾಠಾಂತರಕ್ಕೂ ಅಪಪಾಠಕ್ಕೂ ಇರುವ ಭೇದವನ್ನು ಪಾಠಶಾಲೆಯಲ್ಲಿ ನಮಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತಿದ್ದರು. ಅದೇ ಭೇದವನ್ನು ಮಣೆಯ ಮುಂದೆ ನಿಂತಾಗ ಮರೆತೆನು. ಎಷ್ಟೋ ವರ್ಷಗಳ ಮೇಲೆ ಮಾನಸೋಲ್ಲಾಸವನ್ನು ತಿರುವಿಹಾಕುತ್ತಿದ್ದಾಗ ಈ ಪ್ರಸಂಗವು ನೆನಪಾಗಿ, ಆ ತಂಡೇಲನನ್ನು ಕೇಳಿ ಅವನ ನಿಯಮಗಳನ್ನೆಲ್ಲ ಬರೆದುಕೊಳ್ಳೋಣವೆಂದು ಹೋದೆನು. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಹುಡುಗನು ಈಗ ಗಂಗೊಳ್ಳಿಯಲ್ಲಿ ಸ್ವಂತ ದೋಣಿಯನ್ನು ಇಟ್ಟುಕೊಂಡು ಗೃಹಸ್ಥನಾಗಿದ್ದಾನೆ. ನನ್ನನ್ನು ಕಂಡು ಆದರದಿಂದಲೇ ಕುಳ್ಳಿರಿಸಿದನು. ನಿಯಮಗಳನ್ನು ಕೇಳಿದಾಗ, "ಅರ್ಧ ನೆನಪಿದೆ ಮಾಷ್ಟ್ರೆ, ಆಡದೆ ಬಿಟ್ಟೆ" ಎಂದನು. ಏಕೆ ಆಡದೆ ಬಿಟ್ಟನೆಂದು ನಾನು ಕೇಳಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಪ್ಯೂಟರಿನ ಆಟಗಳ ಕಡೆಗೆ ನೋಡಿದರೆ ಅಲ್ಲಿ ಸಮಾಧಾನಕ್ಕೂ ಭಯಕ್ಕೂ ಕಾರಣಗಳಿವೆ. 1998ರ ಸ್ಟಾರ್‌ಕ್ರಾಫ್ಟ್ ಎಂಬ ಆಟವನ್ನು 2017ರಲ್ಲಿ ನವೀಕರಿಸಿದವರು ನಿಯಮಗಳನ್ನು ಮುಟ್ಟದೆ ಚಿತ್ರಗಳನ್ನು ಮಾತ್ರ ತಿದ್ದಿದರು. ಒಂದು ಗುಂಡಿಯನ್ನು ಒತ್ತಿದರೆ ಹೊಸ ಚಿತ್ರ ಹೋಗಿ ಹಳೆಯ ಚಿತ್ರ ಬರುವಂತೆಯೂ ಮಾಡಿದರು. ಹಳೆಯ ಗುಡಿಯ ಗೋಡೆಗೆ ಸುಣ್ಣ ಬಳಿದು, ಬೇಕೆನಿಸಿದಾಗ ಕೆಳಗಿನ ಶಾಸನವನ್ನು ಓದುವಂತೆ ಬಿಟ್ಟ ಹಾಗೆ. ಇದಕ್ಕೆ ವಿಪರೀತವಾದುದು 2020ರ ಜನವರಿಯಲ್ಲಿ ನಡೆಯಿತು. 2002ರ ವಾರ್‌ಕ್ರಾಫ್ಟ್ ಆಟದ ಮೂರನೆಯ ಭಾಗವನ್ನು ನವೀಕರಿಸಿದಾಗ, ಹಳೆಯದನ್ನು ಹಣಕೊಟ್ಟು ಕೊಂಡಿದ್ದವರು ಅಂತರ್ಜಾಲದಲ್ಲಿ ಆಡಲು ಹೋದರೆ ಅವರ ಯಂತ್ರಕ್ಕೂ ಹೊಸ ತಂತ್ರಾಂಶವೇ ಬಂದು ಕುಳಿತಿತು. ಹಿಂದೆ ಇದ್ದ ಕೆಲವು ಸೌಕರ್ಯಗಳೂ ಹೋದವು. ಬಹಳ ಕೂಗಾಟವಾಗಿ, ಹೊಸದನ್ನು ಕೊಂಡವರಿಗೆ ಹಣವನ್ನು ಹಿಂದೆ ಕೊಡಬೇಕಾಯಿತು. ಹಣವು ಬರಬಹುದು; 2002ರ ಆಟವು ಇದ್ದಂತೆ ಬರುವುದೇ? ಚದುರಂಗದ ಹಳೆಯ ನಿಯಮಗಳು ಅಳಿಯಲು ಒಂದು ತಲೆಮಾರು ಬೇಕಾಯಿತು. ಇಲ್ಲಿ ಒಂದು ರಾತ್ರಿ ಸಾಕು.

ಪ್ರಿನ್ಸ್ ಆಫ್ ಪರ್ಷಿಯ ಎಂಬ ಆಟವನ್ನು ನಮ್ಮ ಕಡೆಯ ಶಾಲೆಗಳಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ನೋಡದ ಮಕ್ಕಳು ವಿರಳ. ಸೆರೆಮನೆಯಿಂದ ತಪ್ಪಿಸಿಕೊಂಡ ಯುವಕನು ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಜೋರ್ಡನ್ ಮೆಕ್ನರ್ ಎಂಬ ತರುಣನು ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಅದರ ಚಲನಚಿತ್ರವನ್ನು ತೆಗೆದು, ಅದನ್ನು ನೋಡಿ ಆ ಯುವಕನ ಚಲನೆಯನ್ನು ಬರೆದನು. 1989ರಲ್ಲಿ ಆಟ ಹೊರಟಿತು. 2007ರಲ್ಲಿ ಹೊಸ ಬಣ್ಣ ಬೆಳಕುಗಳೊಂದಿಗೆ ಅದರ ನವೀನ ರೂಪ ಬಂದಿತು. ಅಷ್ಟರಲ್ಲಿ ಮೂಲದ ಬರವಣಿಗೆ, ಎಂದರೆ ಯಂತ್ರಕ್ಕೆ ಬರೆದ ಆದೇಶಗಳ ಮೂಲಪ್ರತಿಯು, ಕಾಣೆಯಾಗಿತ್ತು. 2012ರಲ್ಲಿ ಅವನ ತಂದೆಯು ಮನೆಯ ಕಪಾಟಿನಲ್ಲಿ ಹಳೆಯ ತಟ್ಟೆಗಳ ಪೆಟ್ಟಿಗೆಯೊಂದನ್ನು ಕಂಡು ಕಳುಹಿಸಿದನು. ಬಲ್ಲವರು ಕೂಡಿ ಅವುಗಳಲ್ಲಿದ್ದುದನ್ನು ಜಾಗರೂಕತೆಯಿಂದ ಹೊರತೆಗೆದರು. ಮೆಕ್ನರನು ಅದನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿದನು. ಅಟ್ಟದ ಮೇಲಿನ ತಾಳೆಯೋಲೆಯ ಕಟ್ಟನ್ನು ಕೆಳಗಿಳಿಸಿ ಬಿಚ್ಚಿದ ಅನುಭವವುಳ್ಳ ಮನೆಯವರಿಗೆ ಈ ಕಥೆಯ ಸಂತೋಷವನ್ನು ವಿವರಿಸಬೇಕಾಗಿಲ್ಲ.

ಮಹಾಭಾರತದ ಪರಿಷ್ಕೃತ ಆವೃತ್ತಿಯ ಕಾರ್ಯವನ್ನು ಪುಣೆಯ ಭಾಂಡಾರಕರ ಸಂಸ್ಥೆಯು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿತು. ಗಣಪತಿಯು ಲಿಪಿಕಾರನಾದ ಕಥೆಯಂಥ ಪ್ರಸಿದ್ಧ ಭಾಗವನ್ನೂ ಸಂಪಾದಕರು ಮುಖ್ಯಪಾಠದಿಂದ ತೆಗೆದರು. ಆದರೆ ತೆಗೆದುದನ್ನು ಎಸೆಯಲಿಲ್ಲ, ಅನುಬಂಧದಲ್ಲಿ ಅಚ್ಚುಮಾಡಿದರು. ಪುಟದ ಕೆಳಗೆ ಪಾಠಾಂತರಗಳು ಸಾಲುಗಟ್ಟಿವೆ. ಒಪ್ಪದವನು ಕೆಳಗಿನ ಸಾಲನ್ನು ಓದಿಕೊಳ್ಳಬಹುದು. ನನಗೆ ಬೇಕಾದುದು ಇಷ್ಟೇ. ಹೊಸದನ್ನು ಆಡಬಾರದೆಂದು ನಾನು ಹೇಳತಕ್ಕವನಲ್ಲ. ಮಂತ್ರಿಗೆ ಮತ್ತೆ ಒಂದೇ ಮನೆಯ ನಡೆಯನ್ನು ಕೊಟ್ಟರೆ ನನಗೇ ಬೇಸರ ಬಂದೀತು. ಆಯ್ಕೆ ಎಂಬ ಮಾತಿಗೆ ಅರ್ಥವಿರಬೇಕಾದರೆ ಎರಡೂ ಮಣೆಯ ಮೇಲೆ ಇರಬೇಕು. (ಯಕ್ಷಗಾನದ ಹಳೆಯ ಕ್ರಮ ಹೊಸ ಕ್ರಮಗಳ ವಿಷಯದಲ್ಲಿ ಇದೇ ವ್ಯಾಜ್ಯವು ನಮ್ಮ ಕಡೆ ಇದೆ; ಅದನ್ನು ಇಲ್ಲಿಗೆ ಎಳೆದರೆ ಈ ಪತ್ರಿಕೆಯ ಪುಟಗಳು ಸಾಲವು.)

ಮೊಮ್ಮಗನಿಗೆ ನಾನು ಕೊನೆಗೆ ಹೇಳಿದುದು, ಮೊದಲು ಹಳೆಯದನ್ನು ಅಪ್ಪನೊಡನೆ ಒಂದು ಸಲ ಆಡು, ಅನಂತರ ನಿನಗೆ ಬೇಕಾದುದನ್ನು ಆಡು ಎಂದು. ಹಾಗೆಯೇ ಆಡಿದನು. ಗದ್ದೆಯನ್ನು ಮರೆತು ಎರಡು ಸಲ ಹಸಿವಿನಿಂದ ರಾಜ್ಯವನ್ನು ಕಳೆದುಕೊಂಡನೆಂದು ಅವನ ತಂದೆ ಫೋನಿನಲ್ಲಿ ನಗುತ್ತ ಹೇಳಿದನು.

ಅದೇ ಆಷಾಢದ ಅಮಾವಾಸ್ಯೆಯಂದು, ವರಾಹಸ್ವಾಮಿಯ ಜಾತ್ರೆಗೆ ಬಂದಿದ್ದ ನಮ್ಮ ಅಕ್ಕನು ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿದಳು. ಎರಡು ಸಾಲು, ಸಾಲಿಗೆ ಏಳು ಕುಳಿ, ಕುಳಿಗೆ ನಾಲ್ಕು ಕಾಳು, ಒಟ್ಟು 56. ಇದನ್ನು ಮಳೆಗಾಲದಲ್ಲಿ ಮಾತ್ರ ಆಡತಕ್ಕದ್ದೆಂದು ರೂಢಿ. ಒಡಹುಟ್ಟಿದ ಹೆಣ್ಣುಮಕ್ಕಳು ಇದಿರುಬದಿರು ಕುಳಿತು ಆಡಬಾರದೆಂದೂ ಹೇಳುವುದುಂಟು. ತುಳುನಾಡಿನ ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅವಳಿಗಳು ಚೆನ್ನೆಯಾಡುತ್ತ ಜಗಳವಾಗಿ, ಒಬ್ಬಳು ಮಣೆಯಿಂದ ಹೊಡೆದುದರಿಂದ ಇನ್ನೊಬ್ಬಳು ಸತ್ತ ಕಥೆಯಿದೆ. ಅಕ್ಕನಿಗೆ ಎದುರಾಗಿ ಕುಳಿತವಳು ಬ್ರಹ್ಮಾವರದ ಕಡೆಯಿಂದ ಬಂದ ನನ್ನ ಹೆಂಡತಿ. ನಾಲ್ಕನೆಯ ಸುತ್ತಿನಲ್ಲಿಯೇ, ಆಟದ ನಡುವೆ ನಾಲ್ಕು ಕಾಳು ಕೂಡಿದ ಕುಳಿಯು ಕುಳಿಯ ಒಡತಿಗೆ ಸೇರಬೇಕೋ ಕಾಳು ಬಿತ್ತಿದವಳಿಗೋ ಎಂದು ವಾದ ಹುಟ್ಟಿತು. ನಾನು ಈ ಸಲ ತೀರ್ಪು ಕೊಡಲಿಲ್ಲ. ಒಂದು ಪುಸ್ತಕವನ್ನು ತಂದು, ಮರವಂತೆಯ ಕ್ರಮವೆಂದು ಒಂದು ಪುಟದಲ್ಲಿಯೂ, ಬ್ರಹ್ಮಾವರದ ಕ್ರಮವೆಂದು ಎದುರಿನ ಪುಟದಲ್ಲಿಯೂ ಇಬ್ಬರು ಹೇಳಿದುದನ್ನು ಬರೆದುಕೊಂಡೆನು.

ಆ ಪುಸ್ತಕದಲ್ಲಿಯೇ ತಂಡೇಲನ ಚದುರಂಗಕ್ಕೆ ಎರಡು ಪುಟಗಳನ್ನು ಬಿಟ್ಟಿರುವೆನು. ಮೊಮ್ಮಗನಾದ ದೋಣಿಯವನು ನೆನಪಿನಿಂದ ಹೇಳಿದಷ್ಟನ್ನು ಬರೆದಾಗಿದೆ. ಅವನಿಗೆ ನಿಶ್ಚಯವಿಲ್ಲದುದು ಎರಡು: ರಾಜನು ಕುದುರೆಯಂತೆ ಹಾರುವಾಗ ಆ ಮನೆಯಲ್ಲಿರುವ ಶತ್ರುವಿನ ಕಾಯಿಯನ್ನು ಹೊಡೆಯಬಹುದೋ, ಬರಿಯ ಮನೆಗೆ ಮಾತ್ರ ಹಾರಬೇಕೋ, ಪಂಕ್ತಿಯ ಯಜಮಾನನಾದ ಕಾಯಿಯು ಇನ್ನೂ ಬದುಕಿರುವಾಗ ಕಾಲಾಳು ಕೊನೆಯ ಮನೆಗೆ ಹೋಗಬಹುದೋ, ಅದು ಸಾಯುವ ವರೆಗೆ ಕಾಯಬೇಕೋ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಲ್ಲಿ ಹಿರಿಯರಿಂದ ಈ ಆಟವನ್ನು ಕಲಿತವರು ಯಾರಾದರೂ ಇದ್ದರೆ, ತಮ್ಮ ಮನೆಯ ಕ್ರಮವನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕಾಗಿ ಪ್ರಾರ್ಥಿಸುವೆನು.